ಕರೆಂಟಿಲ್ಲದ ಮಧ್ಯಾಹ್ನದ ವಿದ್ಯೆಗಳು

ನಾಲಿಗೆಯ ಎರಡು ಅಂಚನ್ನು ಮೇಲಕ್ಕೆ ಮಡಚಿ ಕೊಳವೆ ಮಾಡುವುದು ನಮ್ಮ ಮನೆತನದಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಸುತಾರಾಂ ಬರುವುದಿಲ್ಲ. ಇದು ಗೊತ್ತಾದದ್ದು ತೀರ್ಥಹಳ್ಳಿ ಕಡೆ ಭಾವನ ಮನೆಯಲ್ಲಿ ಉಪನಯನ ನಡೆದ ದಿನ. ಮೇ ತಿಂಗಳು. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಗುಡುಗು ಮಳೆ ಶುರುವಾಯಿತು, ಮೊದಲ ಸಿಡಿಲಿಗೇ ಕರೆಂಟು ಹೋಯಿತು. ಮೊಬೈಲುಗಳು ಬೆಳಗಿನಿಂದ ಫೋಟೊ ತೆಗೆದು ತೆಗೆದು ಸುಸ್ತಾಗಿದ್ದವು. ಹೊಟ್ಟೆ ತುಂಬಾ ಹೋಳಿಗೆ ತಿಂದ ನೆಂಟರೆಲ್ಲ ಜಗಲಿಯಲ್ಲಿ ಗೋಡೆಗೆ ಒರಗಿಕೊಂಡಿದ್ದರು. ಮಾಡಲು ಏನೂ ಕೆಲಸವಿಲ್ಲದ ಆ ಹೊತ್ತಿನಲ್ಲಿ ವಟು ತನ್ನ ಹೊಸ ಜನಿವಾರ ಎಳೆದುಕೊಳ್ಳುತ್ತಾ ನಾಲಿಗೆ ಹೊರಗೆ ಚಾಚಿ, "ನಿಂಗೆ ಬರ್ತದಾ?" ಎಂದು ತಂಗಿಯನ್ನು ಕೆಣಕಿದ. ಅಲ್ಲಿಂದ ಶುರು.

ಐದು ನಿಮಿಷದಲ್ಲಿ ಜಗಲಿಯ ತುಂಬಾ ನಾಲಿಗೆಗಳು. ಪಿಯುಸಿಯಲ್ಲಿ ನಮ್ಮ ಜೀವಶಾಸ್ತ್ರದ ಮೇಷ್ಟ್ರು ಇದು ಅಪ್ಪ ಅಮ್ಮನಿಂದ ಬರುವ ಗುಣ, ಒಂದೇ ಒಂದು ಜೀನಿನ ಆಟ ಎಂದು ಇಡೀ ಕ್ಲಾಸಿನ ನಾಲಿಗೆ ಪರೀಕ್ಷೆ ಮಾಡಿಸಿದ್ದರು. ಹಾಗೆಂದು ಬರೆದವನು ಸ್ಟರ್ಟೆವಂಟ್ ಎಂಬ ಅಮೆರಿಕದ ತಳಿವಿಜ್ಞಾನಿ, 1940ರಲ್ಲಿ. ಹನ್ನೆರಡೇ ವರ್ಷದಲ್ಲಿ ಅದು ಬಿದ್ದುಹೋಯಿತು. ಎಲ್ಲದರಲ್ಲೂ ಒಂದೇ ಪಡಿಯಚ್ಚಿನಂತಿರುವ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದು ಕಂಡಿತು. ಪಠ್ಯಪುಸ್ತಕಗಳಿಗೆ ಮಾತ್ರ ಆ ಸುದ್ದಿ ಮುಟ್ಟುವುದು ತಡವಾಯಿತು. ನಮ್ಮ ಜಗಲಿಯಲ್ಲಂತೂ ಗಂಡ ಹೆಂಡತಿ ಇಬ್ಬರಿಗೂ ಬಾರದ ವಿದ್ಯೆ ಮಗಳಿಗೆ ಸಲೀಸಾಗಿ ಬರುತ್ತಿತ್ತು. ಮೇಷ್ಟ್ರ ಮಾತು ನಂಬಿದ್ದರೆ ಸಂಸಾರದಲ್ಲಿ ಗಲಾಟೆಯಾಗಬೇಕಿತ್ತು.

ಬ್ಯಾಂಕಿನಲ್ಲಿದ್ದು ನಿವೃತ್ತರಾದ ಚಿಕ್ಕಪ್ಪ ಎಡಗಿವಿಯನ್ನು ಮಾತ್ರ ಅಲ್ಲಾಡಿಸಿ ತೋರಿಸಿದರು. ಬಲಗಿವಿ ಕದಲಲಿಲ್ಲ. ದನ ನಾಯಿಗಳಿಗೆ ಸದ್ದು ಬಂದತ್ತ ಕಿವಿ ತಿರುಗಿಸಲು ಇರುವ ಸ್ನಾಯುಗಳೇ ನಮಗೂ ಇವೆಯಂತೆ, ಕೆಲಸ ಮಾತ್ರ ಮರೆತಿವೆ. "ಮೀಟಿಂಗಿನಲ್ಲಿ ನಿದ್ದೆ ಬರದಿರಲಿ ಅಂತ ಕಲಿತದ್ದು" ಎಂದರು ಚಿಕ್ಕಪ್ಪ. ಅಷ್ಟು ವರ್ಷ ಜತೆಗಿದ್ದ ಚಿಕ್ಕಮ್ಮನಿಗೇ ಈ ಸಂಗತಿ ಗೊತ್ತಿರಲಿಲ್ಲ.

ನನಗೆ ನಿಜವಾಗಿ ಬೆರಗಾದದ್ದು ಶಿವಮೊಗ್ಗದಲ್ಲಿ ಎಂಟನೇ ಕ್ಲಾಸು ಓದುವ ಹುಡುಗಿಯದು. ಅವಳು ಮಾತನ್ನು ಹಿಂದುಮುಂದಾಗಿ ಹೇಳುತ್ತಾಳೆ. ಮೈಸೂರು ಎಂದರೆ 'ರುಸೂಮೈ', ಬೆಂಗಳೂರು ಎಂದರೆ 'ರುಳೂಗಬೆಂ'. ಯೋಚಿಸುವುದೇ ಇಲ್ಲ, ನಾವು ಹೇಳಿ ಮುಗಿಸುವುದರೊಳಗೆ ಅವಳದು ತಯಾರು. ಯಾರೋ "ನಾಳೆ ಮಳೆ ಬರುತ್ತದೆ" ಎಂದರು. "ದೆತ್ತರುಬಳೆಮಳೆನಾ" ಎಂದಳು, ಉಸಿರೂ ಎಳೆಯದೆ. ಶಿವಮೊಗ್ಗ ಕೊಟ್ಟಾಗ ಮಾತ್ರ ಒತ್ತಕ್ಷರ ಮೊದಲಿಗೆ ಬಂದು ನಾಲಿಗೆ ತೊಡರಿತು. ಭಾವ ಮೆಲ್ಲಗೆ "ಕುಬೇರನಿಗೇನಿರಬೇಕು" ಎಂದ. ಅವಳು ಒಂದು ಗಳಿಗೆ ಸುಮ್ಮನಿದ್ದು, "ಕುಬೇರನಿಗೇನಿರಬೇಕು" ಎಂದಳು. ಚಿಕ್ಕ ಮಕ್ಕಳೆಲ್ಲ "ಮೋಸ, ಮೋಸ" ಎಂದು ಕೂಗಿದವು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತೋರಿಸಿದ ಮೇಲೆ ತಣ್ಣಗಾದವು.

ಹೇಗೆ ಮಾಡ್ತೀಯ ಎಂದು ಕೇಳಿದೆ. "ಕಣ್ಣೆದುರು ಬರೆದ ಹಾಗೆ ಕಾಣ್ತದೆ ಮಾವ, ಆ ಕಡೆಯಿಂದ ಓದೋದು ಅಷ್ಟೇ" ಎಂದಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಅಮೆರಿಕದ ಡಲ್ಲಾಸಿನಿಂದ ಬಂದಿದ್ದ ಹುಡುಗ ಸುಮ್ಮನೆ ಕೂತಿದ್ದ. ಅವನಿಗೆ ಕನ್ನಡ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬರೆಯಲು ಬಾರದು. "ನಾನೂ ಹೇಳ್ತೀನಿ" ಎಂದು ಮುಂದೆ ಬಂದು, ಮೈಸೂರಿಗೆ 'ಉರುಸಿಮ್' ಎಂದ. ಎಲ್ಲರೂ ನಕ್ಕರು. ಅವನಿಗೆ ಅವಮಾನವಾಗಿ, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಎಮ್, ವೈ, ಎಸ್, ಯು, ಆರ್, ಯು ಎಂದು ಬರೆದು, ಕೊನೆಯಿಂದ ಓದಿ ತೋರಿಸಿದ. ಅವನ ಲೆಕ್ಕಕ್ಕೆ ಅದು ಸರಿಯೇ. ಶಿವಮೊಗ್ಗದವಳು ಅದೇ ಪತ್ರಿಕೆಯಲ್ಲಿ ಮೈ, ಸೂ, ರು ಎಂದು ಮೂರೇ ಅಕ್ಷರ ಬರೆದು "ಇಷ್ಟೇ ಇರೋದು, ನೀನು ಆರು ಎಲ್ಲಿಂದ ತಂದೆ?" ಎಂದು ಜಗಳಕ್ಕೆ ನಿಂತಳು. ಇಬ್ಬರೂ ಆಡುವುದು ಅದೇ ಕನ್ನಡ. ಒಬ್ಬಳ ತಲೆಯಲ್ಲಿ ಅದು ಅಕ್ಷರಗಳಾಗಿ ತುಂಡಾಗಿದೆ, ಇನ್ನೊಬ್ಬನ ತಲೆಯಲ್ಲಿ ಇಂಗ್ಲಿಷಿನ ಸ್ಪೆಲ್ಲಿಂಗಾಗಿ. ಬರೆಯಲು ಕಲಿತ ಲಿಪಿ ನಮ್ಮ ಕಿವಿಯೊಳಗೂ ಹೋಗಿ ಕೂರುತ್ತದೆ ಎಂದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ.

ಡಲ್ಲಾಸ್ ಹೆಸರು ಬಂದದ್ದೇ ತಡ, ದೊಡ್ಡಪ್ಪ ಎದ್ದು ಕೂತರು. ಅವರ ಆರಾಧ್ಯದೈವ ಶಕುಂತಲಾ ದೇವಿ. ಬೆಂಗಳೂರಲ್ಲಿ ಹುಟ್ಟಿ, ಸರ್ಕಸ್ಸಿನಲ್ಲಿದ್ದ ಅಪ್ಪನ ಜತೆ ಇಸ್ಪೀಟೆಲೆ ಆಡುತ್ತಾ ಲೆಕ್ಕ ಕಲಿತವರು. "ನಿಮ್ಮೂರಲ್ಲೇ ಕಣೋ, 1977ರಲ್ಲಿ, 201 ಅಂಕಿಯ ಸಂಖ್ಯೆಗೆ ಇಪ್ಪತ್ಮೂರನೇ ಮೂಲ ಹೇಳಿದ್ದು, 50 ಸೆಕೆಂಡಿನಲ್ಲಿ" ಎಂದು ಹುಡುಗನಿಗೆ ಹೇಳಿದರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆ ಗುಣಿಸಿದ್ದು, ಅದಕ್ಕೆ 28 ಸೆಕೆಂಡು ತೆಗೆದುಕೊಂಡದ್ದು, ಆ ದಿನ ಜೂನ್ 18, ಬುಧವಾರ. ಕೊನೆಯ ಆ 'ಬುಧವಾರ' ದೊಡ್ಡಪ್ಪನ ಸ್ವಂತ ಸೇರಿಕೆ. ಯಾವ ತಾರೀಕು ಕೊಟ್ಟರೂ ವಾರ ಹೇಳುವುದು ಅವರ ವಿದ್ಯೆ. ಮದುವೆ ಮನೆ, ಬಸ್ ಸ್ಟ್ಯಾಂಡು, ಆಸ್ಪತ್ರೆ, ಎಲ್ಲಿ ಸಿಕ್ಕಿದರೂ ನಿಮ್ಮ ಹುಟ್ಟಿದ ದಿನ ಕೇಳಿ ವಾರ ಹೇಳಿಯೇ ಬಿಡುವುದು.

"ಕನ್ನಡ ನಾಡಿನ ಏಕೀಕರಣ ಆದದ್ದು 1956 ನವೆಂಬರ್ 1, ಗುರುವಾರ. ಕರ್ನಾಟಕ ಅಂತ ಹೆಸರಿಟ್ಟದ್ದು 1973 ನವೆಂಬರ್ 1, ಅದೂ ಗುರುವಾರ. ಗಣರಾಜ್ಯ ಆದದ್ದೂ ಗುರುವಾರ." ದೊಡ್ಡಪ್ಪ ಸಿಕ್ಕವರಿಗೆಲ್ಲ ಹೇಳುವ ಮಾತಿದು. ಆ ದಿನ ಮಾತ್ರ, ಮಳೆಯ ಮಂಪರಿಗೋ ಹೋಳಿಗೆಯ ಮಂಪರಿಗೋ, ಗುಟ್ಟು ಬಿಟ್ಟುಕೊಟ್ಟರು.

ಯಾವುದೇ ವರ್ಷ ತೆಗೆದುಕೊಳ್ಳಿ: ಏಪ್ರಿಲ್ 4, ಜೂನ್ 6, ಆಗಸ್ಟ್ 8, ಅಕ್ಟೋಬರ್ 10, ಡಿಸೆಂಬರ್ 12, ಅಂದರೆ 4-4, 6-6, 8-8, 10-10, 12-12, ಎಲ್ಲವೂ ಒಂದೇ ವಾರ ಬೀಳುತ್ತವೆ. ಆ ವರ್ಷಕ್ಕೆ ಅದೊಂದು ವಾರ ಗೊತ್ತಿದ್ದರೆ ಉಳಿದದ್ದು ಬೆರಳೆಣಿಕೆ. ಒಂದು ವರ್ಷ ದಾಟಿದರೆ ವಾರ ಒಂದು ಮುಂದೆ, ಅಧಿಕ ವರ್ಷವಾದರೆ ಎರಡು ಮುಂದೆ. ಸ್ವಾತಂತ್ರ್ಯ ಬಂದ 1947ರ ಆಗಸ್ಟ್ 15 ಶುಕ್ರವಾರ ಎಂದು ಎಲ್ಲರಿಗೂ ಗೊತ್ತು, ಅಲ್ಲಿಗೆ ಆಗಸ್ಟ್ 8 ಕೂಡ ಶುಕ್ರವಾರ. ಅಲ್ಲಿಂದ ಹತ್ತುತ್ತಾ ಇಳಿಯುತ್ತಾ ಹೋದರೆ ಆಯಿತು. ಇಂಗ್ಲೆಂಡಿನ ಗಣಿತಜ್ಞ ಜಾನ್ ಕಾನ್ವೆ ಈ ಸೂತ್ರವನ್ನು ಒಪ್ಪಮಾಡಿ ಕಟ್ಟಿದ್ದು ನಮ್ಮ ರಾಜ್ಯಕ್ಕೆ ಹೆಸರು ಬದಲಾದ 1973ರಲ್ಲೇ. ದೊಡ್ಡಪ್ಪನಿಗೆ ಸಿಕ್ಕಿದ್ದು ಯಾವುದೋ ಹಳೇ ವಾರಪತ್ರಿಕೆಯ ತುಣುಕಿನಲ್ಲಂತೆ.

ಮಕ್ಕಳು ಇದನ್ನು ಹಿಡಿದುಕೊಂಡ ವೇಗ ನೋಡಿ ದೊಡ್ಡಪ್ಪನ ಮುಖ ಸ್ವಲ್ಪ ಸಣ್ಣಗಾಯಿತು. ಅದರಲ್ಲೂ 'ಉರುಸಿಮ್' ಹುಡುಗ ತನ್ನ ಸೋಲು ತೀರಿಸಿಕೊಳ್ಳುವ ಹಟದಲ್ಲಿ ಗಂಟಲು ಹರಿಯುವಂತೆ ವಾರಗಳನ್ನು ಕೂಗುತ್ತಿದ್ದ.

ಅಷ್ಟು ಹೊತ್ತಿಗೆ ಅಡುಗೆ ಭಟ್ಟರು ಕೈ ಒರೆಸಿಕೊಂಡು ಬಂದು ಕವಳ ಹಾಕಲು ಕೂತರು. ಉಡುಪಿ ಕಡೆಯವರು. ಬೆಳಿಗ್ಗೆ ಒಲೆಯ ಹತ್ತಿರ ಅವರನ್ನು ನಾನು ನೋಡಿದ್ದೆ. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲ. ಕುದಿಯುವ ಕೊಪ್ಪರಿಗೆಯ ಸಾರಿಗೆ ಮುಷ್ಟಿಯಲ್ಲಿ ಉಪ್ಪು ಹಾಕಿ, ಸೌಟಿನಿಂದ ತಿರುಗಿಸಿ, ಹಬೆಯನ್ನು ಅಂಗೈಯಿಂದ ಮೂಗಿನತ್ತ ತಂದುಕೊಂಡರು. ಒಂದು ಗಳಿಗೆ ನಿಂತರು. ಮತ್ತೆ ಅರ್ಧ ಮುಷ್ಟಿ ಹಾಕಿದರು, ಅದರಲ್ಲೂ ನಾಲ್ಕು ಹರಳು ಡಬ್ಬಕ್ಕೆ ವಾಪಸ್ಸು ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಉಪ್ಪಿನ ವಿಷಯ ಯಾರೂ ಎತ್ತಲಿಲ್ಲ.

ನಾನು ಅದನ್ನು ಹೇಳಿದೆ. ಇಂಜಿನಿಯರ್ ಭಾವ ಒಪ್ಪಲಿಲ್ಲ. "ಉಪ್ಪಿಗೆ ವಾಸನೆ ಎಲ್ಲಿದೆ ಭಟ್ರೆ?"

"ಉಪ್ಪಿಗೆ ಉಂಟು ಅಂತ ಯಾರು ಹೇಳಿದ್ದು ಮಾರಾಯ್ರೆ? ಸಾರಿಗೆ ಉಂಟಲ್ಲ."

ಭಾವ ಒಳಗೆ ಹೋಗಿ ಎರಡು ಲೋಟ ಸಾರು ತಂದ, ಒಂದಕ್ಕೆ ಚಮಚ ಉಪ್ಪು ಹೆಚ್ಚಿಗೆ ಬೆರೆಸಿ. ಭಟ್ಟರು ಮುಟ್ಟಲೂ ಇಲ್ಲ, "ತಣಿದದ್ದು ಮಾತಾಡುವುದಿಲ್ಲ, ಕುದಿಸಿ ತನ್ನಿ" ಎಂದರು. ಕುದಿಸಿ ತಂದಾಗ ಎರಡರ ಮೇಲೂ ಅಂಗೈ ಆಡಿಸಿ, ಎಡಗಡೆಯದಕ್ಕೆ ಬೆರಳು ತೋರಿಸಿದರು. ಸರಿಯಾಗಿತ್ತು. ಉಪ್ಪು ಕರಗಿದ ನೀರು ಪರಿಮಳದ ಅಂಶಗಳನ್ನು ಹೆಚ್ಚು ಹೊರಕ್ಕೆ ತಳ್ಳುತ್ತದೆ ಎನ್ನುವುದು ರಸಾಯನಶಾಸ್ತ್ರಕ್ಕೆ ಗೊತ್ತಿರುವ ಸಂಗತಿಯೇ, ಹಾಗಾಗಿ ಅವರ ಮಾತು ಬರೀ ಮಾತಲ್ಲ. ಭಾವ ಮಾತ್ರ ಬಗ್ಗಲಿಲ್ಲ. ಎರಡರಲ್ಲಿ ಒಂದು ಹೇಳಿದರೆ ಕಣ್ಣು ಮುಚ್ಚಿಕೊಂಡರೂ ಅರ್ಧಕ್ಕರ್ಧ ಸರಿಯಾಗುತ್ತದೆ, ಹತ್ತು ಸಲ ಮಾಡಬೇಕು ಎಂದ. ಭಾವ ಹೇಳಿದ್ದು ತಪ್ಪೇನಲ್ಲ. ಭಟ್ಟರು ಅಡಿಕೆ ಬಾಯಿಗೆ ಹಾಕಿಕೊಂಡು, "ಹತ್ತು ಸಲ ಯಾಕೆ, ನಾಳೆ ಬೆಳಿಗ್ಗೆ ನೀವೇ ಇನ್ನೂರು ಜನಕ್ಕೆ ರುಚಿ ನೋಡದೆ ಹಾಕಿ" ಎಂದರು. ಹೇಗೆ ಕಲಿತಿರಿ ಎಂಬ ನನ್ನ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಅವರ ಮಾವನ ಕೈಕೆಳಗೆ ಇದ್ದರಂತೆ, ಮಾವನೂ ಹೇಳಿಕೊಟ್ಟದ್ದಿಲ್ಲವಂತೆ. ದೊಡ್ಡಪ್ಪನಿಗೆ ಬಿದ್ದಷ್ಟು ಚಪ್ಪಾಳೆ ಭಟ್ಟರಿಗೆ ಬೀಳಲಿಲ್ಲ ಎನ್ನುವುದು ನನಗೆ ಸ್ವಲ್ಪ ಬೇಸರದ ವಿಷಯವೇ. ಅವರು ಅದನ್ನು ಗಮನಿಸಿದ ಹಾಗೂ ಕಾಣಲಿಲ್ಲ, ಸುಣ್ಣ ಕೇಳುತ್ತಿದ್ದರು.

ಇತ್ತ ಮಕ್ಕಳು ಹಿರಿಯರ ಹುಟ್ಟಿದ ತಾರೀಕು ಕೇಳುತ್ತಾ ಸಾಲಾಗಿ ಬರುತ್ತಿದ್ದವು. ಅಲ್ಲೊಂದು ತಮಾಷೆಯಾಯಿತು. ಇಬ್ಬರು ಅಜ್ಜಂದಿರದ್ದೂ ಜೂನ್ 1, ದೊಡ್ಡತ್ತೆಯದ್ದೂ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದುಕೊಂಡ ತಾರೀಕುಗಳು. ಡಲ್ಲಾಸಿನವನಿಗೆ ಅದೆಲ್ಲ ಏನು ಗೊತ್ತು? ಒಂದೇ ದಿನ ಇಷ್ಟು ಜನ ಹುಟ್ಟಿದ ಊರು ಎಂದು ಕಣ್ಣರಳಿಸಿದ. ಆಮೇಲೆ ದೊಡ್ಡತ್ತೆಯ 1948ನ್ನು ಹಿಡಿದು ಬೆರಳು ಮಡಚತೊಡಗಿದ: "1947 ಶುಕ್ರವಾರ. 48 ಅಧಿಕ ವರ್ಷ, ಎರಡು ಮುಂದೆ, ಭಾನುವಾರ. ಹಾಗಾದ್ರೆ ಜೂನ್ 6 ಭಾನುವಾರ. ಐದು ಹಿಂದೆ... ಅಜ್ಜಿ, ನೀವು ಹುಟ್ಟಿದ್ದು ಮಂಗಳವಾರ!"

"ಸೋಮವಾರ" ಎಂದರು ದೊಡ್ಡತ್ತೆ, ಹೂ ಕಟ್ಟುತ್ತಿದ್ದ ಕೈ ನಿಲ್ಲಿಸದೆ. "ಅಪ್ಪಯ್ಯ ಸಂತೆಗೆ ಹೋದ ದಿನ ನಾನು ಹುಟ್ಟಿದ್ದು. ಅಮ್ಮ ಸಾಯೋತನಕ ಹೇಳ್ತಿದ್ರು."

ಹುಡುಗ ಮತ್ತೊಮ್ಮೆ ಲೆಕ್ಕ ಹಾಕಿದ. ದೊಡ್ಡಪ್ಪನೂ ಹಾಕಿದರು. ಮಂಗಳವಾರವೇ.

"ಲೆಕ್ಕ ಸರಿ ಇರಬಹುದು ಮಗಾ" ಎಂದರು ದೊಡ್ಡತ್ತೆ. "ಆದರೆ ನಮ್ಮೂರ ಸಂತೆ ಮಂಗಳವಾರ ಆದದ್ದೇ ಇಲ್ಲ."