ಜರ್ಮನಿಯಲ್ಲಿ ಕನ್ನಡ ಕಲಿಸೋಕೆ ಬೇಕಾದದ್ದು ಕಿವಿ

ಜರ್ಮನಿಯ ಊರುಗಳಲ್ಲಿ ಶನಿವಾರವೋ ಭಾನುವಾರವೋ ನಡೆಯುವ ಕನ್ನಡ ತರಗತಿಗೆ ಮೇಷ್ಟ್ರು ಬೇಕಾದಾಗ ಸಾಮಾನ್ಯವಾಗಿ ಹುಡುಕುವುದು 'ಚೆನ್ನಾಗಿ ಕನ್ನಡ ಬಲ್ಲವರನ್ನ'. ಹಳಗನ್ನಡ ಓದಿದವರು, ವೇದಿಕೆಯಲ್ಲಿ ನಿರರ್ಗಳವಾಗಿ ಮಾತಾಡುವವರು ಎಲ್ಲರಿಗೂ ಮೊದಲು ನೆನಪಾಗುತ್ತಾರೆ. ಆದರೆ ಮಕ್ಕಳು ಉಳಿದುಕೊಳ್ಳುವುದು ಬೇರೆಯವರ ತರಗತಿಯಲ್ಲಿ. ಮಗುವಿನ ತಪ್ಪು ಕೇಳಿದ ಕೂಡಲೇ ಅದು ಎಲ್ಲಿಂದ ಬಂತು ಅಂತ ಗುರುತಿಸಬಲ್ಲವರ ತರಗತಿಯಲ್ಲಿ.

ಉದಾಹರಣೆಗೆ 'ಪುಟ್ಟ'. ಇಲ್ಲಿ ಬೆಳೆದ ಮಗು ಅದನ್ನ 'ಫುಠ' ಅನ್ನೋ ಹಾಗೆ ಹೇಳುತ್ತೆ. ಇದರಲ್ಲಿ ಎರಡು ತಪ್ಪಿದೆ, ಎರಡಕ್ಕೂ ಕಾರಣ ಬೇರೆ. ಜರ್ಮನ್‌ನಲ್ಲಿ ಪದದ ಮೊದಲಿಗೆ ಬರುವ ಪ, ಟ, ಕ ಧ್ವನಿಗಳು ಉಸಿರು ಚೆಲ್ಲಿಕೊಂಡೇ ಹೊರಡುತ್ತವೆ, ಹಾಗಾಗಿ ನಮ್ಮ ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ. ಎರಡನೆಯದು ಒತ್ತು. ಜರ್ಮನ್ ಬರವಣಿಗೆಯಲ್ಲಿ ಒಂದು ವ್ಯಂಜನವನ್ನ ಎರಡು ಸಲ ಬರೆದರೆ ಹಿಂದಿನ ಸ್ವರ ಹ್ರಸ್ವ ಅಂತ ಅರ್ಥವೇ ಹೊರತು ವ್ಯಂಜನವನ್ನ ಒತ್ತಿ ಹೇಳಬೇಕು ಅಂತಲ್ಲ. ಇದು ಗೊತ್ತಿಲ್ಲದವರು 'ಸರಿಯಾಗಿ ಹೇಳು' ಅಂತ ಹತ್ತು ಸಲ ಹೇಳಿಸುತ್ತಾರೆ. ಮಗು ಹತ್ತು ಸಲವೂ ಹಾಗೇ ಹೇಳುತ್ತೆ, ಹನ್ನೊಂದನೇ ಸಲಕ್ಕೆ ಬಾಯಿ ಮುಚ್ಚುತ್ತೆ.

ಮೊದಲನೆಯದಕ್ಕೆ ಒಂದು ಚೂರು ತೆಳು ಕಾಗದ ಸಾಕು. ತುಟಿಯಿಂದ ಎರಡು ಬೆರಳು ದೂರದಲ್ಲಿ ಹಿಡಿಸಿ. 'ಪಾಪ' ಅಂದಾಗ ಕಾಗದ ಅಲುಗಬಾರದು, 'ಫಲ' ಅಂದಾಗ ಹಾರಬೇಕು. ಮಕ್ಕಳಿಗೆ ಇದು ಆಟ. ಒತ್ತಿಗೆ ಚಪ್ಪಾಳೆ: 'ಹ–ಲು', ಆಮೇಲೆ 'ಹಲ್–ಲು', ನಡುವೆ ನಾಲಗೆ ಒಂದು ಕ್ಷಣ ಅಂಟಿ ನಿಲ್ಲಬೇಕು. ಸ್ವರದ ಉದ್ದಕ್ಕೆ ಹೆಚ್ಚು ಶ್ರಮ ಬೇಡ. ಹ್ರಸ್ವ, ದೀರ್ಘ ಜರ್ಮನ್‌ನಲ್ಲೂ ಇದೆ, ಹಾಗಾಗಿ 'ಹಲ್ಲು', 'ಹಾಲು' ಎರಡರ ಸ್ವರ ಬೇಗ ಹಿಡಿಯುತ್ತಾರೆ.

ಲ, ಳ ವಿಷಯದಲ್ಲಿ ಅವಸರ ಕೂಡದು. ಕಿವಿ ಬೇರ್ಪಡಿಸದ್ದನ್ನ ನಾಲಗೆ ಬೇರ್ಪಡಿಸೋದಿಲ್ಲ. ನೀವು 'ಹುಲಿ' ಅಂದಾಗ ಮಗು ಎಡಗೈ, 'ಹುಳಿ' ಅಂದಾಗ ಬಲಗೈ ಎತ್ತಬೇಕು. ಹತ್ತರಲ್ಲಿ ಎಂಟು ಸರಿಯಾಗುವ ತನಕ ಮಗುವಿನ ಬಾಯಲ್ಲಿ ಹೇಳಿಸಲೇಬಾರದು. ಆಮೇಲೆ ಬಲೆ–ಬಳೆ, ಕತ್ತು–ಕಟ್ಟು, ಮುತ್ತು–ಮುಟ್ಟು. ಇನ್ನು 'ರ' ಗಂಟಲಿನಿಂದ ಬಂದರೆ ಬಿಟ್ಟುಬಿಡಿ, ಅರ್ಥ ಕೆಡೋದಿಲ್ಲ. ಬವೇರಿಯಾದ ಹಳ್ಳಿಗರು ಅದನ್ನ ನಾಲಗೆ ತುದಿಯಲ್ಲೇ ಹೇಳುತ್ತಾರೆ, ಆ ಕಡೆಯ ಮಕ್ಕಳಿಗೆ ಅದೊಂದು ಅನುಕೂಲ.

ಹೋಮ್‌ವರ್ಕನ್ನ ರೋಮನ್ ಲಿಪಿಯಲ್ಲಿ ವಾಟ್ಸಾಪ್ ಮಾಡುವ ಅಭ್ಯಾಸ ಮಾತ್ರ ದಯವಿಟ್ಟು ಬೇಡ. ಮಗು ಅದನ್ನ ಓದೋದು ಜರ್ಮನ್ ರೀತಿಯಲ್ಲಿ. 'ಜನ' ಅಂತ ನೀವು ಬರೆದದ್ದು 'ಯನ' ಆಗುತ್ತೆ, 'ವನ' ಹೋಗಿ 'ಫನ' ಆಗುತ್ತೆ.

ಹಾಗಂತ ಅಕ್ಷರಮಾಲೆಯನ್ನ ಅ ಆ ಇ ಈ ಅಂತ ಶುರು ಮಾಡಿದರೂ ಕಷ್ಟವೇ. ವಾರಕ್ಕೊಂದು ತರಗತಿ, ತರಗತಿಗೆ ಎರಡಕ್ಷರ ಅಂದರೆ 49 ಮುಗಿಯೋಕೆ 25 ವಾರ. ಅಷ್ಟರಲ್ಲಿ ಶಾಲೆಯ ರಜೆ ಬಂದು ಹೋಗಿರುತ್ತೆ, 'ಋ' ಕಲಿತ ಮಗುವಿಗೆ ಒಂದು ಪದ ಓದೋಕೂ ಬಂದಿರೋದಿಲ್ಲ. ನಮ್ಮೂರಿನ ಶಾಲೆಗಳಲ್ಲಿ ಬಳಕೆಯಲ್ಲಿರುವ 'ರ ಗ ಸ ದ ಅ' ಕ್ರಮವೇ ಒಳ್ಳೆಯದು. ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ. ಮೊದಲ ದಿನವೇ 'ಗರಗಸ' ಓದಿದ ಮಗು ಮನೆಗೆ ಹೋಗಿ ಅಪ್ಪನಿಗೆ ಬರೆದು ತೋರಿಸುತ್ತೆ.

ಕಿವಿಯ ನಂತರ ಬೇಕಾದ ಗುಣ ಸುಮ್ಮನಿರುವುದು. ಇದು ಮಾತುಗಾರರಿಗೆ ತುಂಬ ಕಷ್ಟ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಬೇಕು. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಜರ್ಮನ್‌ನಲ್ಲಿ ಉತ್ತರ ಕೊಟ್ಟು ರೂಢಿಯಾದ ಮಗುವಿಗೆ ಪದ ಹೆಕ್ಕಿ ತರೋಕೆ ಅಷ್ಟು ಹೊತ್ತು ಬೇಕೇ ಬೇಕು. ಹಿಂದಿನ ಬೆಂಚಿನಿಂದ 'ಹೇಳೋ ಪುಟ್ಟ, ನಿನಗೆ ಗೊತ್ತಲ್ಲ' ಅನ್ನುವ ಅಮ್ಮಂದಿರನ್ನ ನಯವಾಗಿ ಹೊರಗೆ ಕಾಫಿಗೆ ಕಳಿಸುವ ಧೈರ್ಯವೂ ಇರಬೇಕು.

ತಿದ್ದುವಾಗಲೂ ಅಷ್ಟೇ. ಮಗು 'ನಾನು ಇಷ್ಟ ದೋಸೆ' ಅನ್ನುತ್ತೆ. ಚತುರ್ಥಿ ವಿಭಕ್ತಿ ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ನಿಂತಿತು. 'ಓ, ನಿನಗೆ ದೋಸೆ ಇಷ್ಟಾನಾ? ಚಟ್ನಿ ಇಷ್ಟಾನಾ, ಸಕ್ಕರೆ ಇಷ್ಟಾನಾ?' ಅಂದರೆ 'ನನಗೆ ಸಕ್ಕರೆ' ಅಂತ ತಾನಾಗಿ ಬರುತ್ತೆ. ಶಾಲೆಯಲ್ಲಿ ಡಾಟಿವ್, ಅಂದರೆ ಜರ್ಮನ್‌ನ ಚತುರ್ಥಿ, ಕಲಿತ ಹನ್ನೆರಡರ ಹುಡುಗನಿಗಾದರೆ ನೇರವಾಗಿ ಹೇಳಬಹುದು: 'ಮಿರ್ ಇಸ್ಟ್ ಕಾಲ್ಟ್' ಅಂತೀಯಲ್ಲ, ಅದೇ 'ನನಗೆ ಚಳಿ'. ಕ್ರಿಯಾಪದ ಕೊನೆಗೆ ಬರೋದೂ ಅವನಿಗೆ ಹೊಸದಲ್ಲ. 'ವೈಲ್' (ಯಾಕಂದರೆ) ಅಂತ ಶುರುವಾದ ಜರ್ಮನ್ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಹೋಗುತ್ತೆ. ಜರ್ಮನ್ ಬಾರದ ಮೇಷ್ಟ್ರಿಗೆ ಈ ಸೌಲಭ್ಯವೇ ಇಲ್ಲ.

ಅದೇ ಜರ್ಮನ್ ಸಂಖ್ಯೆಯಲ್ಲಿ ಕಾಲೆಳೆಯುತ್ತೆ. ಅಲ್ಲಿ 35 ಅಂದರೆ 'ಐದು ಮತ್ತು ಮೂವತ್ತು'. ಹಾಗಾಗಿ 'ಮೂವತ್ತೈದು' ಕೇಳಿದ ಮಗು ಮೊದಲು ಕೇಳಿದ್ದನ್ನ ಬಿಡಿ ಸ್ಥಾನಕ್ಕೆ ಹಾಕಿ 53 ಬರೆದುಬಿಡುತ್ತೆ. ಲೆಕ್ಕ ಬರೋದಿಲ್ಲ ಅಂತ ತಿಳಿಯಬೇಡಿ. 30 ಅಂತ ಒಂದು ಚೀಟಿ, 5 ಅಂತ ಅದರರ್ಧ ಅಗಲದ ಚೀಟಿ ಮಾಡಿ, 'ಮೂವತ್ತು' ಅನ್ನುತ್ತಾ ಮೊದಲನೆಯದನ್ನ ಇಟ್ಟು, 'ಐದು' ಅನ್ನುತ್ತಾ ಸೊನ್ನೆಯ ಮೇಲೆ ಎರಡನೆಯದನ್ನ ಇಡಿಸಿ.

ಒಂದೇ ಕೋಣೆಯಲ್ಲಿ ಧಾರವಾಡದ 'ಹೋಗ್ತೇನ್ರಿ', ಮಂಗಳೂರಿನ 'ಹೋಗ್ತೇನೆ', ಮೈಸೂರಿನ 'ಹೋಗ್ತೀನಿ' ಕೂತಿರುತ್ತವೆ. ಮಗುವಿನ ಅಜ್ಜಿಯ ಮಾತನ್ನ ತಪ್ಪು ಅನ್ನುವವರಿಗೆ ತರಗತಿ ಕೊಡಲೇಬಾರದು. ಬರೆಯುವಾಗ 'ಹೋಗುತ್ತೇನೆ', ಮಾತಾಡುವಾಗ ನಿಮ್ಮ ಮನೆಯಂತೆ ಅಂದರೆ ಮುಗಿಯಿತು.

ದೊಡ್ಡವರ ಗುಂಪಿಗೆ, ಅಂದರೆ ಜರ್ಮನ್ ಸೊಸೆ, ಅಳಿಯಂದಿರಿಗೆ, ಇದೆಲ್ಲ ತಿರುಗುಮುರುಗು. ಅವರಿಗೆ ಆಟ ಬೇಡ, ನಿಯಮ ಬೇಕು. ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಅವರ ನಾಡಿನವರಲ್ಲವೇ! 'ಮಾಡು' 'ಮಾಡಿದ' ಆದರೆ 'ಕೊಡು' ಯಾಕೆ 'ಕೊಟ್ಟ' ಅಂತ ಕೇಳಿಯೇ ಕೇಳುತ್ತಾರೆ. 'ನಾವು ಹಾಗೇ ಅನ್ನೋದು' ಅನ್ನುವ ಮೇಷ್ಟ್ರ ಮೇಲೆ ಅವರಿಗೆ ನಂಬಿಕೆ ಹೋಗುತ್ತೆ. ಉತ್ತರ ಮೊದಲ ಸ್ವರದಲ್ಲಿದೆ. ದೀರ್ಘವಾದರೆ ಮಾಡಿದ, ನೋಡಿದ, ಹಾಡಿದ, ಓಡಿದ, ಬೇಡಿದ. ಹ್ರಸ್ವವಾದರೆ ಕೊಟ್ಟ, ಬಿಟ್ಟ, ಇಟ್ಟ, ಸುಟ್ಟ, ನೆಟ್ಟ. ಎರಡು ಸಾಲು ಬರೆದುಕೊಡಿ, ಮುಂದಿನ ವಾರ ಅವರೇ 'ತೊಡು' ತಂದು 'ತೊಟ್ಟ' ಅನ್ನುತ್ತಾರೆ.