ಅವಳ ರಿಪೋರ್ಟಿನಲ್ಲಿದ್ದ ಸಿ-ಪೆಪ್ಟೈಡ್

ಡಿಸೆಂಬರಿನಲ್ಲಿ ಕಾಫಿ ಕೊಯ್ಲಿಗೆಂದು ಸಕಲೇಶಪುರದ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಹಾಸನದ ಪಿಯು ಕಾಲೇಜೊಂದರಲ್ಲಿ ಬಯಾಲಜಿ ಪಾಠ ಮಾಡುವ ಹಳೇ ಗೆಳತಿ ಫೋನ್ ಮಾಡಿದಳು. "ಹೇಗೂ ಬಂದಿದ್ದೀಯಲ್ಲ, ನಮ್ಮ ಮಕ್ಕಳ ಹತ್ರ ಒಂದು ಗಂಟೆ ಮಾತಾಡಿ ಹೋಗೇ" ಅಂದಳು. ಬೆಳಿಗ್ಗೆ ಬಸ್ಸು ಹತ್ತಿದೆ.

ನಾನಿರುವುದು ಬೆಂಗಳೂರಿನ ಲ್ಯಾಬೊಂದರಲ್ಲಿ. ಜೀವಕೋಶದಲ್ಲಿ ತಯಾರಾದ ಪ್ರೋಟೀನು ತಾನು ಸೇರಬೇಕಾದ ಜಾಗಕ್ಕೆ ಹೇಗೆ ಹೋಗುತ್ತದೆ, ಅದನ್ನು ಒಯ್ಯುವ ಅಣುಗಳ ಆಕಾರ ಎಂಥದ್ದು ಅಂತ ನೋಡುವುದು ಕೆಲಸ. ಪಿಎಚ್‌ಡಿ ಕಾಲದಿಂದಲೂ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದೇನೆ. ಇನ್ನೂ ಆಸೆ ತೀರಿಲ್ಲ.

ಮಕ್ಕಳಿಗೆ ತೋರಿಸಲು ಒಂದು ಗ್ರಿಡ್ ಒಯ್ದಿದ್ದೆ. 3 ಮಿಲಿಮೀಟರ್ ಅಗಲದ ತಾಮ್ರದ ಬಿಲ್ಲೆ ಅದು. ಅದರ ತುಂಬಾ ಸಣ್ಣ ಕಿಂಡಿಗಳು, ಮೇಲೊಂದು ತೆಳು ಕಾರ್ಬನ್ ಪದರ. ಚಿಮುಟದಲ್ಲಿ ಹಿಡಿದು, ಪ್ರೋಟೀನು ಬೆರೆತ ನೀರಿನ ಪುಟ್ಟ ಹನಿ ಬಿಟ್ಟು, ಬ್ಲಾಟಿಂಗ್ ಪೇಪರಿನಿಂದ ಹೆಚ್ಚಾದ ನೀರು ತೆಗೆದು, ತಕ್ಷಣ ದ್ರವ ಈಥೇನಿನಲ್ಲಿ ಅದ್ದಬೇಕು. ಅದು ಸುಮಾರು ಮೈನಸ್ 180 ಡಿಗ್ರಿಯಲ್ಲಿರುತ್ತದೆ. ನೀರಿಗೆ ಹರಳುಗಟ್ಟಲು ಪುರುಸೊತ್ತೇ ಸಿಗುವುದಿಲ್ಲ. ಪ್ರೋಟೀನು ಇದ್ದ ಭಂಗಿಯಲ್ಲೇ ನಿಂತುಬಿಡುತ್ತದೆ. ಆಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಲಕ್ಷಗಟ್ಟಲೆ ಮಸುಕು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಿದರೆ ಮೂರು ಆಯಾಮದ ಆಕಾರ ಮೂಡುತ್ತದೆ. ಇದೇ ಕ್ರಯೋ-ಇಎಂ. ಇದಕ್ಕಾಗಿ 2017ರಲ್ಲಿ ಮೂವರಿಗೆ ನೊಬೆಲ್ ಬಂತು. ಬೆಂಚಿನಿಂದ ಬೆಂಚಿಗೆ ಆ ಬಿಲ್ಲೆ ಹೋಗುವಾಗ ಮಕ್ಕಳೆಲ್ಲ ಉಸಿರು ಬಿಗಿಹಿಡಿದಿದ್ದರು.

ಮಾತು ಮುಗಿದು ಎಲ್ಲರೂ ಊಟಕ್ಕೆ ಎದ್ದರು. ದ್ವಿತೀಯ ಪಿಯು ಹುಡುಗಿಯೊಬ್ಬಳು ಹಿಂದೆ ಉಳಿದಳು.

"ಮೇಡಂ, ಒಂದು ಕೇಳ್ಲಾ? ಇನ್ಸುಲಿನ್ ರೆಡಿ ಆಗುವಾಗ ಸಿ-ಪೆಪ್ಟೈಡ್ ಕಟ್ ಆಗಿ ಹೋಗುತ್ತೆ ಅಂತ ಪುಸ್ತಕದಲ್ಲಿದೆ. ಬೇಡದ್ದು ಅಂದ್ಮೇಲೆ ನನ್ನ ರಕ್ತದಲ್ಲಿ ಅದನ್ನ ಯಾಕೆ ಅಳೆದರು?"

ಟೈಪ್ 1 ಸಕ್ಕರೆ ಕಾಯಿಲೆ. ಪ್ರತಿ ಊಟಕ್ಕೂ ಮುಂಚೆ ಸೂಜಿ. ಮನೆಯಲ್ಲಿದ್ದ ರಿಪೋರ್ಟನ್ನು ಅವಳೇ ಓದಿದ್ದಳು. ಕಾಯಿಲೆ ಪತ್ತೆಯಾದಾಗ ಮಾಡಿಸಿದ್ದ ಪರೀಕ್ಷೆ. ಯಾಕೆ ಅಂತ ಇವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನನಗೆ ಅದು ತುಂಬಾ ನೋವು ತಂದಿತು. ಮೈ ಅವಳದು, ಸೂಜಿ ಚುಚ್ಚಿಕೊಳ್ಳುವವಳೂ ಅವಳೇ ಅಲ್ವಾ?

"ಕೂತ್ಕೊಳಮ್ಮ" ಅಂದೆ. ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆ.

ಇನ್ಸುಲಿನ್ ಮೊದಲು 110 ಅಮೈನೋ ಆಮ್ಲಗಳ ಒಂದೇ ಸರವಾಗಿ ಹುಟ್ಟುತ್ತದೆ. ಮೊದಲ 24, ಕಾಗದದ ಮೇಲಿನ ಪಿನ್‌ಕೋಡ್ ಇದ್ದಂತೆ. ಅದನ್ನು ಓದಿಯೇ ಜೀವಕೋಶ ಈ ಸರವನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ, ಪ್ರೋಟೀನು ಮಡಿಚಿಕೊಳ್ಳುವ ತನ್ನ ಕೋಣೆಯೊಳಗೆ ಕಳಿಸುವುದು. ಒಳಗೆ ಹೋದ ಕೂಡಲೇ ಆ ತುಂಡು ಕತ್ತರಿಸಿ ಹೋಗುತ್ತದೆ. ಪ್ರೋಟೀನಿನಲ್ಲೇ ಹೀಗೆ ವಿಳಾಸ ಬರೆದಿರುತ್ತದೆ ಅಂತ ತೋರಿಸಿದ್ದಕ್ಕೆ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು. ಉಳಿದ ಸರ ಮಡಿಚಿಕೊಂಡು, ಕೋಪ್-2 ಅನ್ನುವ ಪ್ರೋಟೀನುಗಳು ಕವಚದಂತೆ ಸುತ್ತಿ ಕಟ್ಟುವ ಪುಟ್ಟ ಕೋಶಿಕೆಗಳಲ್ಲಿ, ಅಂದರೆ ಸಣ್ಣ ಚೀಲಗಳಲ್ಲಿ, ಗಾಲ್ಜಿ ಅನ್ನುವ ಮುಂದಿನ ನಿಲ್ದಾಣದ ಕಡೆ ಹೊರಡುತ್ತದೆ. ನನ್ನ ಇಷ್ಟು ವರ್ಷ ಹೋಗಿದ್ದು ಆ ಕವಚದ ಹಿಂದೆಯೇ. ಯಾವ ಸರಕು ಒಳಗೆ, ಯಾವುದು ಹೊರಗೆ ಅಂತ ಆರಿಸುವ ಸೆಕ್24 ಅನ್ನುವ ಭಾಗವಂತೂ ಎಷ್ಟು ನೋಡಿದರೂ ಸಾಲದು. ಮಡಿಕೆ ತಪ್ಪಿದ ಸರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಕೆಲವು ಮಕ್ಕಳಿಗೆ ಬರುವ ಅಪರೂಪದ ಸಕ್ಕರೆ ಕಾಯಿಲೆಗೆ ಇದೂ ಒಂದು ಕಾರಣ.

"ಗಾಲ್ಜಿ ದಾಟಿದ ಮೇಲೆ ನಡುವಿನ ತುಂಡನ್ನ ಕಿಣ್ವಗಳು ಕತ್ತರಿಸ್ತವೆ. ಅದೇ ನಿನ್ನ ಸಿ-ಪೆಪ್ಟೈಡ್. ಆದರೆ ಅದೂ ಇನ್ಸುಲಿನ್ ಜೊತೆಗೇ ರಕ್ತಕ್ಕೆ ಬರುತ್ತೆ ಕಣಮ್ಮ. ಒಂದಕ್ಕೆ ಒಂದು."

ಅವಳು ತಡೆದಳು. "ನಾನು ಚುಚ್ಚಿಕೊಳ್ಳೋದ್ರಲ್ಲಿ ಸಿ ಇರಲ್ಲ. ಅಂದ್ರೆ ಸಿ ಅಳೆದ್ರೆ, ನನ್ನ ಮೈಯೇ ಎಷ್ಟು ಮಾಡ್ತಿದೆ ಅಂತ ಗೊತ್ತಾಗುತ್ತೆ."

ಅಷ್ಟೇ. ನಾನು ಹೇಳುವುದಕ್ಕೆ ಏನೂ ಉಳಿಸಲಿಲ್ಲ ಅವಳು.

ಚುಚ್ಚಿಕೊಳ್ಳುವ ಇನ್ಸುಲಿನ್ ಎಲ್ಲಿಂದ ಬರುತ್ತದೆ ಅಂತ ಕೇಳಿದಳು. ಯೀಸ್ಟ್ ಅಂದರೆ ನಂಬಲೇ ಇಲ್ಲ. ರ‍್ಯಾಂಡಿ ಶೆಕ್ಮನ್ ಈ ಸಾಗಾಟಕ್ಕೆ ಬೇಕಾದ ಜೀನುಗಳನ್ನು ಹುಡುಕಿದ್ದು ಯೀಸ್ಟಿನಲ್ಲಿ; 2013ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ನಮ್ಮ ಜೀವಕೋಶದ ದಾರಿಯೂ ಯೀಸ್ಟಿನ ದಾರಿಯೂ ಹೆಚ್ಚುಕಡಿಮೆ ಒಂದೇ. ಅದೇ ದಾರಿಯಲ್ಲಿ ಇನ್ಸುಲಿನ್ ಹೊರಗೆ ಬರುವ ಹಾಗೆ ಯೀಸ್ಟನ್ನು ಮಾರ್ಪಡಿಸುತ್ತಾರೆ. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಪಿಚಿಯಾ ಅನ್ನುವ ಯೀಸ್ಟಿನಿಂದ ಬಂದದ್ದು.

"ಹಾಗಾದ್ರೆ ನನ್ನ ಮೈಯಲ್ಲಿ ಈ ಸಾಗಾಟ ನಿಂತುಹೋಗಿದೆಯಾ?"

ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲೇಬೇಕಿತ್ತು. ಇಲ್ಲಮ್ಮ, ಇನ್ಸುಲಿನ್ ಮಾಡುವ ನಿನ್ನ ಬೀಟಾ ಕೋಶಗಳನ್ನು ನಿನ್ನದೇ ರೋಗನಿರೋಧಕ ವ್ಯವಸ್ಥೆ ಹಾಳು ಮಾಡಿದೆ, ಉಳಿದ ಕೋಶಗಳಲ್ಲಿ ಎಲ್ಲ ಸಾಂಗವಾಗಿ ನಡೆಯುತ್ತಿದೆ ಅಂದೆ. ನೀನು ಸೂಜಿ ಚುಚ್ಚಿಕೊಂಡಾಗ ಇನ್ಸುಲಿನ್ ಹೋಗಿ ಸ್ನಾಯುವಿನ ಕೋಶದ ಹೊರಮೈಯನ್ನು ಮುಟ್ಟುತ್ತದೆ. ಆಗ ಒಳಗೆ ಕೋಶಿಕೆಗಳಲ್ಲಿ ಕಾದಿರುವ ಗ್ಲುಟ್-4 ಅನ್ನುವ ಪ್ರೋಟೀನು ಹೊರಮೈಗೆ ಬರುತ್ತದೆ. ಅದರ ಮೂಲಕವೇ ಸಕ್ಕರೆ ಒಳಗೆ ಹೋಗುವುದು. ಆ ಸಾಗಾಟ ನಡೆಸುವುದು ನಿನ್ನದೇ ಕೋಶ, ದಿನಾ, ಪ್ರತಿ ಊಟಕ್ಕೂ. ಇದನ್ನು ಕೇಳಿ ಅವಳ ಮುಖ ಅರಳಿತು. ನನ್ನ ಗಂಟಲು ಕಟ್ಟಿತು.

ಮೊಬೈಲಿನಲ್ಲಿ ಪ್ರೋಟೀನುಗಳ ಆಕಾರ ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್ ತೆರೆದು ಇನ್ಸುಲಿನ್ ಆಕಾರ ತೋರಿಸಿದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಎಕ್ಸ್-ರೇ ಬಳಸಿ ಅಣುಗಳ ಆಕಾರ ಬಿಡಿಸುತ್ತಿದ್ದ ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ 1930ರ ದಶಕದಲ್ಲಿ ಕೈಗೆತ್ತಿಕೊಂಡ ಈ ಆಕಾರವನ್ನು ಬಿಡಿಸಿದ್ದು 1969ರಲ್ಲಿ. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದು, ನಮ್ಮಲ್ಲಿ ಈ ವಿದ್ಯೆ ಬೇರೂರುವ ಹಾಗೆ ಮಾಡಿದರು. ಹಾಸನದ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

ಗೆಳತಿ ಊಟಕ್ಕೆ ಕರೆಯುತ್ತಿದ್ದಳು. ಹುಡುಗಿ ಬೆರಳಲ್ಲಿ ಚಿತ್ರ ತಿರುಗಿಸುತ್ತಾ, "ಸಿ ಎಲ್ಲಿತ್ತು ಮೇಡಂ?" ಅಂದಳು. ಇನ್ಸುಲಿನ್‌ನಲ್ಲಿ ಉಳಿಯುವ ಎರಡು ಸರಗಳಲ್ಲಿ ಬಿ ಸರದ ತುದಿ, ಎ ಸರದ ಶುರು ತೋರಿಸಿ, ಇವೆರಡರ ನಡುವೆ ಅಂದೆ. ಅವಳು ಅಲ್ಲಿಗೆ ಬಿಡಲಿಲ್ಲ. ಅದನ್ನು ಕತ್ತರಿಸುವ ಕಿಣ್ವದ ಆಕಾರವೂ ಇದರಲ್ಲೇ ಸಿಗುತ್ತಾ ಅಂತ ಕೇಳಿ ಹುಡುಕತೊಡಗಿದಳು.