ಗೆದ್ದವರ ಹೆಸರು ಬರೆದ ಮೇಲೂ ಉಳಿಯುವ ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠ ಮಾಡುತ್ತಾ ಕಂಡುಕೊಂಡದ್ದು

ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಬೋಧಿಸುವವರಿಗೆ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಅಧ್ಯಾಯ ಮೇಲ್ನೋಟಕ್ಕೆ ಸುಲಭವಾದದ್ದು. ಸ್ಟ್ಯಾಂಪ್ ಕಾಯಿದೆ, ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಎಸೆದ ಚಹಾ, ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ ಎಂಬ ಘೋಷಣೆ ಮುಂತಾದ ಕಾರಣಗಳನ್ನು ವಿದ್ಯಾರ್ಥಿಗಳು ಚೆನ್ನಾಗಿಯೇ ಬರೆಯುತ್ತಾರೆ, ಪರಿಣಾಮಗಳನ್ನೂ ಬರೆಯುತ್ತಾರೆ. ನಡುವಿನ ಯುದ್ಧದ ಭಾಗ ಮಾತ್ರ ಉತ್ತರ ಪತ್ರಿಕೆಯಲ್ಲಿ ಒಂದು ಪಟ್ಟಿಯಾಗಿ ಇಳಿದುಬಿಡುತ್ತದೆ: ಕದನದ ಹೆಸರು, ಇಸವಿ, ಗೆದ್ದವರು. ಮೌಲ್ಯಮಾಪನಕ್ಕೆ ಕುಳಿತವರು ಅದಕ್ಕೆ ಅಂಕ ಕೊಡಲೇಬೇಕು, ಏಕೆಂದರೆ ಬರೆದದ್ದರಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಆ ಪಟ್ಟಿಯನ್ನು ಗಮನವಿಟ್ಟು ಓದಿದ ವಿದ್ಯಾರ್ಥಿಗೆ ಒಂದು ಅನುಮಾನ ಬಂದೇ ಬರುತ್ತದೆ. ದೊಡ್ಡ ಕದನಗಳಲ್ಲಿ ಬಹಳಷ್ಟನ್ನು ಬ್ರಿಟಿಷರೇ ಗೆದ್ದಿದ್ದಾರೆ. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಚಾರ್ಲ್ಸ್‌ಟನ್ ಎಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಅವರ ವಶದಲ್ಲಿದ್ದವು. ಹಾಗಿದ್ದ ಮೇಲೆ ಯುದ್ಧವನ್ನು ಸೋತದ್ದು ಹೇಗೆ?

ಈ ಪ್ರಶ್ನೆಯನ್ನು ತರಗತಿಯಲ್ಲಿ ಎದುರಿಸುತ್ತಾ ಬಂದಂತೆ ನಾನು ಪಾಠದ ಕ್ರಮವನ್ನು ಬದಲಿಸಿಕೊಂಡೆ. ಯಾರು ಗೆದ್ದರು ಎಂಬುದನ್ನು ನಾನೇ ಕರಿಹಲಗೆಯ ಮೇಲೆ ಮೊದಲು ಬರೆದುಬಿಡುತ್ತೇನೆ. ಆಮೇಲೆ ಕೇಳುವುದು ಒಂದೇ ಪ್ರಶ್ನೆ: ಈ ಕದನ ಮುಗಿದ ಮರುದಿನ, ಅದಕ್ಕೆ ಮುಂಚೆ ಆಗದಿದ್ದ ಯಾವ ಕೆಲಸ ಯಾರಿಗೆ ಸಾಧ್ಯವಾಯಿತು, ಆಗುತ್ತಿದ್ದ ಯಾವ ಕೆಲಸ ಯಾರ ಕೈತಪ್ಪಿತು? ಕದನದ ಮಹತ್ವವನ್ನು ಅಳೆಯಲು ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ನನಗೆ ಇನ್ನೂ ಸಿಕ್ಕಿಲ್ಲ.

ಇದಕ್ಕೆ ಭೂಪಟ ಬೇಕೇ ಬೇಕು. ಲಂಡನ್ನಿನಿಂದ ಹೊರಟ ಒಂದು ಆದೇಶ ಅಟ್ಲಾಂಟಿಕ್ ದಾಟಿ ಸೇನಾಪತಿಯ ಕೈ ಸೇರಲು ವಾರಗಳು, ಗಾಳಿ ಎದುರಾದರೆ ತಿಂಗಳುಗಳು ಹಿಡಿಯುತ್ತಿದ್ದ ಕಾಲ ಅದು. ಸತ್ತ ಪ್ರತಿಯೊಬ್ಬ ಸೈನಿಕನ ಬದಲಿಗೆ ಇನ್ನೊಬ್ಬನನ್ನು ಇಂಗ್ಲೆಂಡಿನಲ್ಲೋ ಜರ್ಮನಿಯ ಸಣ್ಣ ಸಂಸ್ಥಾನಗಳಲ್ಲೋ ಹಣ ಕೊಟ್ಟು ಸೇರಿಸಿಕೊಂಡು ಹಡಗಿನಲ್ಲಿ ಕಳುಹಿಸಬೇಕಾಗಿತ್ತು. ಇತ್ತ ವಸಾಹತುಗಳ ಕಡೆ, ಬಿದ್ದರೆ ಎಲ್ಲವೂ ಮುಗಿದುಹೋಗುವಂಥ ರಾಜಧಾನಿಯೇ ಇರಲಿಲ್ಲ. 1777ರಲ್ಲಿ ಫಿಲಡೆಲ್ಫಿಯಾ ಕೈತಪ್ಪುವ ಹೊತ್ತಿಗೆ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸಿನ ಸದಸ್ಯರು ಯಾರ್ಕ್ ಎಂಬ ಊರಿಗೆ ಹೋಗಿ ಅಲ್ಲಿಂದಲೇ ಕಲಾಪ ಮುಂದುವರಿಸಿದರು. ಬ್ರಿಟನ್ನಿಗೆ ಗೆಲುವೇ ಬೇಕಾಗಿತ್ತು, ವಸಾಹತುಗಳಿಗೆ ಸೈನ್ಯ ಉಳಿದಿದ್ದರೆ ಸಾಕಾಗಿತ್ತು. ವಸಾಹತುಶಾಹಿಯ ವಿರುದ್ಧ ನಡೆದ ಯಾವುದೇ ದೀರ್ಘ ಯುದ್ಧದಲ್ಲಿ ಈ ಅಸಮತೆಯನ್ನು ಮೊದಲು ಅರ್ಥಮಾಡಿಸದೆ ಕದನಗಳಿಗೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

1775ರ ಏಪ್ರಿಲ್ 19ರ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಘರ್ಷಣೆಗಳ ಬಗ್ಗೆ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವು ಯುದ್ಧವನ್ನು ಆರಂಭಿಸಿದವು, ಅಷ್ಟು ಸಾಕು. ಅದೇ ವರ್ಷದ ಜೂನ್ 17ರ ಬಂಕರ್ ಹಿಲ್ ಕದನದಲ್ಲಿ ಬ್ರಿಟಿಷರು ಮೂರನೆಯ ದಾಳಿಯಲ್ಲಿ ಗುಡ್ಡವನ್ನು ವಶಪಡಿಸಿಕೊಂಡರು, ಆದರೆ ಸತ್ತವರು ಮತ್ತು ಗಾಯಗೊಂಡವರು ಸೇರಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡರು. ಇದೇ ಬೆಲೆಗೆ ಇನ್ನೊಂದು ಗುಡ್ಡವನ್ನು ಅವರಿಗೆ ಮಾರಲು ಸಿದ್ಧ ಎಂಬರ್ಥದ ಮಾತನ್ನು ಅಮೆರಿಕನ್ ಸೇನಾನಿ ನಥಾನಿಯೆಲ್ ಗ್ರೀನ್ ಬರೆದದ್ದು ಆಗಲೇ. ಈ ಮಾತು ಹೇಳಿದ ತಕ್ಷಣ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ.

ಟ್ರೆಂಟನ್‌ಗೆ ಪಠ್ಯದಲ್ಲಿ ಸಿಗುವ ಜಾಗ ಕಡಿಮೆ. ಅದರ ಮಹತ್ವಕ್ಕೆ ಹೋಲಿಸಿದರೆ ಇದು ಅನ್ಯಾಯವೇ ಸರಿ. 1776ರ ಬೇಸಿಗೆಯ ಕೊನೆಯಿಂದ ನ್ಯೂಯಾರ್ಕಿನ ಸುತ್ತ ಸೋಲಿನ ಮೇಲೆ ಸೋಲು ಕಂಡ ಜಾರ್ಜ್ ವಾಷಿಂಗ್ಟನ್ನರ ಸೈನ್ಯ ಡೆಲವೇರ್ ನದಿಯ ಆಚೆಗೆ ಹಿಮ್ಮೆಟ್ಟಿತ್ತು. ಇದ್ದ ಸೈನಿಕರಲ್ಲಿ ಬಹುಪಾಲು ಮಂದಿಯ ಸೇವಾವಧಿ ಡಿಸೆಂಬರ್ 31ಕ್ಕೆ ಮುಗಿಯುವುದರಲ್ಲಿತ್ತು. ಅಂದರೆ ಬ್ರಿಟಿಷರು ಏನೂ ಮಾಡದೆ ಸುಮ್ಮನೆ ಕುಳಿತಿದ್ದರೂ ಹೊಸ ವರ್ಷದ ಹೊತ್ತಿಗೆ ಎದುರಾಳಿ ಸೈನ್ಯವೇ ಕರಗಿಹೋಗುವ ಸಾಧ್ಯತೆ ಇತ್ತು. ಕ್ರಿಸ್‌ಮಸ್ ರಾತ್ರಿ ಮಂಜುಗಡ್ಡೆ ತೇಲುತ್ತಿದ್ದ ನದಿಯನ್ನು ಸುಮಾರು 2,400 ಮಂದಿಯೊಡನೆ ದಾಟಿದ ವಾಷಿಂಗ್ಟನ್, 26ರ ಬೆಳಿಗ್ಗೆ ಟ್ರೆಂಟನ್ನಿನಲ್ಲಿ ಬೀಡುಬಿಟ್ಟಿದ್ದ ಜರ್ಮನ್ ಬಾಡಿಗೆ ಸೈನಿಕರ ಮೇಲೆರಗಿ ಸುಮಾರು 900 ಮಂದಿಯನ್ನು ಸೆರೆಹಿಡಿದರು. ಸಂಖ್ಯೆಯ ಲೆಕ್ಕದಲ್ಲಿ ಇದು ಸಣ್ಣ ಕಾಳಗ. ಮರುದಿನದ ಪ್ರಶ್ನೆ ಕೇಳಿದಾಗ ಮಾತ್ರ ಇದರ ತೂಕ ತಿಳಿಯುತ್ತದೆ: ಮನೆಗೆ ಹೊರಟಿದ್ದವರಲ್ಲಿ ಅನೇಕರು ಹತ್ತು ಡಾಲರ್ ಬಹುಮಾನಕ್ಕೆ ಒಪ್ಪಿ ಇನ್ನೂ ಆರು ವಾರ ಉಳಿದರು, ಆ ಆರು ವಾರದೊಳಗೆ ಪ್ರಿನ್ಸ್‌ಟನ್ನಿನಲ್ಲಿ ಇನ್ನೊಂದು ಗೆಲುವು ಬಂತು, ವಸಂತ ಕಾಲಕ್ಕೆ ಹೊಸಬರು ಸೇರತೊಡಗಿದರು.

ಸರಟೋಗಾ ಪಾಠದ ಮಧ್ಯಭಾಗ. ಬ್ರಿಟಿಷ್ ಜನರಲ್ ಬರ್ಗಾಯ್ನ್ ಕೆನಡಾದಿಂದ ಇಳಿದು ಬಂದು ಹಡ್ಸನ್ ಕಣಿವೆಯನ್ನು ಹಿಡಿಯಬೇಕು, ಹಾಗೆ ನ್ಯೂ ಇಂಗ್ಲೆಂಡ್ ಪ್ರಾಂತವನ್ನು ಉಳಿದ ವಸಾಹತುಗಳಿಂದ ಕತ್ತರಿಸಬೇಕು ಎಂಬುದು 1777ರ ಯೋಜನೆ. ನ್ಯೂಯಾರ್ಕಿನಲ್ಲಿದ್ದ ಬ್ರಿಟಿಷ್ ಸೇನಾಪತಿ ವಿಲಿಯಂ ಹೋವ್ ತಮ್ಮ ಸೈನ್ಯದ ಮುಖ್ಯ ಭಾಗವನ್ನು ಹಡಗು ಹತ್ತಿಸಿ ಫಿಲಡೆಲ್ಫಿಯಾದ ಕಡೆ ಹೊರಟರು. ಈ ಎರಡು ಕಾರ್ಯಾಚರಣೆಗಳನ್ನು ಒಂದಕ್ಕೊಂದು ಹೊಂದಿಸಬೇಕಾಗಿದ್ದ ಲಂಡನ್ನಿನ ಮಂತ್ರಿಗಳು ಹೊಂದಿಸಲಿಲ್ಲ. ಕಾಡಿನ ದಾರಿಯಲ್ಲಿ ಬಂಡಿಗಳು, ತೋಪುಗಳು, ಸಾಮಾನು ಸರಂಜಾಮುಗಳೊಂದಿಗೆ ನಿಧಾನವಾಗಿ ಮುಂದುವರಿದ ಬರ್ಗಾಯ್ನ್, ಸೆಪ್ಟೆಂಬರ್ 19 ಮತ್ತು ಅಕ್ಟೋಬರ್ 7ರ ಎರಡು ಕದನಗಳ ನಂತರ ಸುತ್ತುವರಿಯಲ್ಪಟ್ಟು, ಅಕ್ಟೋಬರ್ 17ರಂದು ಸುಮಾರು ಆರು ಸಾವಿರ ಮಂದಿಯೊಡನೆ ಶರಣಾದರು. ಬ್ರಿಟನ್ ಒಂದು ಇಡೀ ಸೈನ್ಯವನ್ನು ಕಳೆದುಕೊಂಡಿತು. ಆದರೂ ಇದಕ್ಕಿಂತ ದೊಡ್ಡ ಪರಿಣಾಮ ಕಂಡದ್ದು ಪ್ಯಾರಿಸ್ಸಿನಲ್ಲಿ. ಅಲ್ಲಿಯವರೆಗೆ ಗುಟ್ಟಾಗಿ ಮದ್ದುಗುಂಡು ಕಳುಹಿಸುತ್ತಿದ್ದ ಫ್ರಾನ್ಸ್, 1778ರ ಫೆಬ್ರವರಿ 6ರಂದು ಅಮೆರಿಕದೊಡನೆ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು. ಆ ತೀರ್ಮಾನದಲ್ಲಿ ಜರ್ಮನ್‌ಟೌನ್ ಎಂಬ ಇನ್ನೊಂದು ಕದನಕ್ಕೂ ಪಾಲಿತ್ತು ಎನ್ನುತ್ತಾರೆ. ಅಕ್ಟೋಬರ್ 4ರ ಆ ಕದನದಲ್ಲಿ ವಾಷಿಂಗ್ಟನ್ ಸೋತಿದ್ದರು. ಆದರೆ ಬ್ರಾಂಡಿವೈನ್‌ನಲ್ಲಿ ಸೋತು ಒಂದು ತಿಂಗಳೂ ಕಳೆಯುವ ಮೊದಲೇ ತಿರುಗಿ ದಾಳಿ ಮಾಡಬಲ್ಲ ಸೈನ್ಯ ಎಂಬುದು ಫ್ರೆಂಚರ ಗಮನ ಸೆಳೆದಿತ್ತು. ಸೋತ ಕದನವೂ ಖಾತೆಗೆ ಜಮೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಹುಡುಕಲು ಹೋಗಿಲ್ಲ.

ಸರಟೋಗಾದ ಮರುದಿನವನ್ನು ಹಿಂಬಾಲಿಸಿಕೊಂಡು ಹೋದರೆ ಅದು ನೇರವಾಗಿ ಮೈಸೂರಿಗೆ ಬಂದು ನಿಲ್ಲುತ್ತದೆ. ಇದನ್ನು ಬೇಕೆಂದು ಎಳೆದು ತಂದ ಸಂಬಂಧ ಎಂದು ಯಾರೂ ಭಾವಿಸಬಾರದು. ಫ್ರಾನ್ಸ್ ಯುದ್ಧಕ್ಕೆ ಇಳಿದದ್ದರಿಂದ ಭಾರತದ ಫ್ರೆಂಚ್ ನೆಲೆಗಳೂ ಶತ್ರುವಿನ ನೆಲೆಗಳಾದವು. ಈಸ್ಟ್ ಇಂಡಿಯಾ ಕಂಪನಿ 1778ರ ಅಕ್ಟೋಬರಿನಲ್ಲಿ ಪುದುಚೇರಿಯನ್ನೂ 1779ರ ಮಾರ್ಚಿನಲ್ಲಿ ಮಾಹೆಯನ್ನೂ ವಶಪಡಿಸಿಕೊಂಡಿತು. ಮಾಹೆ ಹೈದರ್ ಅಲಿಗೆ ಯುದ್ಧ ಸಾಮಗ್ರಿ ಬರುತ್ತಿದ್ದ ಬಂದರು, ಅದು ತನ್ನ ರಕ್ಷಣೆಯಲ್ಲಿದೆ ಎಂದು ಆತ ಕಂಪನಿಗೆ ಮೊದಲೇ ಎಚ್ಚರಿಸಿದ್ದ. 1780ರ ಜುಲೈನಲ್ಲಿ ಅವನ ಸೈನ್ಯ ಘಟ್ಟ ಇಳಿದು ಇಂದಿನ ತಮಿಳುನಾಡಿನಲ್ಲಿದ್ದ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿತು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕಂಪನಿಯ ಕರ್ನಲ್ ಬೈಲಿಯ ಪಡೆ ನಾಶವಾಯಿತು. ಹೈದರನ ಹೆಸರು ಅಟ್ಲಾಂಟಿಕ್‌ನ ಆಚೆಗೂ ತಲುಪಿತ್ತು: 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ಎರಡನೆಯ ಆಂಗ್ಲೋ-ಮೈಸೂರು ಯುದ್ಧವನ್ನು ದ್ವಿತೀಯ ಪಿಯುಸಿಯಲ್ಲಿ, ಅಮೆರಿಕದ ಯುದ್ಧವನ್ನು ಪ್ರಥಮ ಪಿಯುಸಿಯಲ್ಲಿ ಬೇರೆ ಬೇರೆಯಾಗಿ ಓದುವ ವಿದ್ಯಾರ್ಥಿಗೆ ಇವೆರಡೂ ಒಂದೇ ವರ್ಷಗಳಲ್ಲಿ, ಒಂದೇ ಖಜಾನೆಯ ಮೇಲೆ ಭಾರ ಹಾಕುತ್ತಾ ನಡೆದವು ಎಂದು ಯಾರಾದರೂ ಹೇಳಲೇಬೇಕು. ಹಾಗೆಂದು ಹೈದರ್ ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಎಂಬಂತೆ ಹೇಳುವವರನ್ನು ನಾನು ಒಪ್ಪುವುದಿಲ್ಲ. ಅವನಿಗೆ ಅವನದೇ ಲೆಕ್ಕಾಚಾರಗಳಿದ್ದವು.

ದಕ್ಷಿಣದ ವಸಾಹತುಗಳ ಯುದ್ಧಕ್ಕೆ ಬಂದಾಗ ಎರಡು ಕದನಗಳನ್ನು ಅಕ್ಕಪಕ್ಕದಲ್ಲಿ ಬರೆಯುತ್ತೇನೆ. 1780ರ ಮೇ 12ರಂದು ಚಾರ್ಲ್ಸ್‌ಟನ್ನಿನಲ್ಲಿ ಸುಮಾರು ಐದು ಸಾವಿರ ಅಮೆರಿಕನ್ನರು ಶರಣಾದರು. ಇಡೀ ಯುದ್ಧದಲ್ಲಿ ಅವರಿಗೆ ಒದಗಿದ ದೊಡ್ಡ ಆಘಾತ ಅದು. 1781ರ ಮಾರ್ಚ್ 15ರಂದು ಗಿಲ್ಫರ್ಡ್ ಕೋರ್ಟ್‌ಹೌಸ್‌ನಲ್ಲಿ ಸುಮಾರು ಎರಡು ಸಾವಿರ ಮಂದಿಯೊಡನೆ ಕಾದಿದ ಲಾರ್ಡ್ ಕಾರ್ನ್‌ವಾಲಿಸ್ ಮೈದಾನ ಗೆದ್ದರು. ಎರಡೂ ಬ್ರಿಟಿಷರ ಗೆಲುವುಗಳೇ. ಮೊದಲನೆಯದರ ನಂತರ ಊರು ಅವರದಾಯಿತು, ಹಳ್ಳಿಗಾಡು ಆಗಲಿಲ್ಲ. ಗೆರಿಲ್ಲಾ ತಂಡಗಳು ಸಾಗಾಟದ ದಾರಿಗಳನ್ನು ಕಾಡಿದವು. ಎರಡನೆಯದರಲ್ಲಿ ಸೈನ್ಯದ ಕಾಲು ಭಾಗಕ್ಕೂ ಮಿಗಿಲಾಗಿ ಕಳೆದುಕೊಂಡ ಕಾರ್ನ್‌ವಾಲಿಸ್, ಸೋತ ಎದುರಾಳಿಯನ್ನು ಬೆನ್ನಟ್ಟಲಾಗದೆ ಸಮುದ್ರತೀರಕ್ಕೆ ಹಿಂದಿರುಗಬೇಕಾಯಿತು. ಇಂಥ ಇನ್ನೊಂದು ಗೆಲುವು ಬ್ರಿಟಿಷ್ ಸೈನ್ಯವನ್ನೇ ಮುಗಿಸೀತು ಎಂಬ ಮಾತನ್ನು ಲಂಡನ್ನಿನ ಸಂಸತ್ತಿನಲ್ಲಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಆಡಿದ್ದು ಇದರ ಬಗ್ಗೆಯೇ.

ಕಾರ್ನ್‌ವಾಲಿಸ್ ಶರಣಾದ ಯಾರ್ಕ್‌ಟೌನ್ ಎಲ್ಲರಿಗೂ ಗೊತ್ತು. ಆದರೆ ಯಾರ್ಕ್‌ಟೌನನ್ನು ಸಾಧ್ಯಗೊಳಿಸಿದ್ದು 1781ರ ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ನಡೆದ ನೌಕಾ ಕದನ, ಅದರಲ್ಲಿ ಅಮೆರಿಕದ ನೌಕಾಪಡೆಗೆ ಪಾಲೇ ಇರಲಿಲ್ಲ. ದ ಗ್ರಾಸ್ ಎಂಬ ಫ್ರೆಂಚ್ ಅಡ್ಮಿರಲ್‌ನ 24 ಯುದ್ಧನೌಕೆಗಳು ಗ್ರೇವ್ಸ್‌ನ 19 ಬ್ರಿಟಿಷ್ ನೌಕೆಗಳನ್ನು ಎದುರಿಸಿದವು. ಕೆಲವು ಗಂಟೆಗಳ ಗುಂಡಿನ ಕಾಳಗದಲ್ಲಿ ಒಂದು ಹಡಗೂ ಸೆರೆಯಾಗಲಿಲ್ಲ. ತೀವ್ರವಾಗಿ ಹಾನಿಗೊಂಡ ಒಂದನ್ನು ಬ್ರಿಟಿಷರೇ ಆಮೇಲೆ ಮುಳುಗಿಸಿದರು. ನೋಡುವವರಿಗೆ ಸಮಬಲದ ಕಾಳಗದಂತೆ ತೋರುವ ಈ ಕದನದ ಕೆಲವು ದಿನಗಳ ನಂತರ ಗ್ರೇವ್ಸ್ ನ್ಯೂಯಾರ್ಕಿಗೆ ಹಿಂದಿರುಗಿದ. ಕಾರ್ನ್‌ವಾಲಿಸ್‌ಗೆ ಸಮುದ್ರದ ಬಾಗಿಲು ಮುಚ್ಚಿತು, ನೆಲದ ಕಡೆಯಿಂದ ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾಪತಿ ರೊಶಾಂಬೊ ಸುತ್ತುವರಿದರು, ಅಕ್ಟೋಬರ್ 19ರಂದು ಏಳು ಸಾವಿರಕ್ಕೂ ಹೆಚ್ಚು ಮಂದಿ ಶರಣಾದರು. ನ್ಯೂಯಾರ್ಕ್, ಚಾರ್ಲ್ಸ್‌ಟನ್, ಸವಾನಾ ಆಗಲೂ ಬ್ರಿಟಿಷರ ಕೈಯಲ್ಲೇ ಇದ್ದವು. ಸೈನ್ಯದ ಬಲದಿಂದ ಯುದ್ಧ ಮುಂದುವರಿಸಲು ಅಡ್ಡಿ ಇರಲಿಲ್ಲ. ಮುಂದುವರಿಸುವ ಮನಸ್ಸು ಹೋದದ್ದು ಸಂಸತ್ತಿಗೆ: 1782ರ ಫೆಬ್ರವರಿ ಕೊನೆಯಲ್ಲಿ ಕಾಮನ್ಸ್ ಸಭೆ ಅಮೆರಿಕದಲ್ಲಿ ಆಕ್ರಮಣಕಾರಿ ಯುದ್ಧ ಬೇಡವೆಂದು ಮತ ಹಾಕಿತು, ಮಾರ್ಚಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ರಾಜೀನಾಮೆ ಕೊಟ್ಟರು, 1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್ ಒಪ್ಪಂದವಾಯಿತು.

ಇಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಮೇಡಂ, ಈ ಕಾರ್ನ್‌ವಾಲಿಸ್ ನಮ್ಮ ಟಿಪ್ಪುವಿನ ಕಾರ್ನ್‌ವಾಲಿಸ್ಸೇನಾ?” ಹೌದು, ಅವನೇ. 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದು, 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರಿನ ಅರ್ಧ ರಾಜ್ಯವನ್ನು ಬರೆಸಿಕೊಂಡವನು. ಯಾರ್ಕ್‌ಟೌನಿನ ಸೇಡನ್ನು ಇಲ್ಲಿ ತೀರಿಸಿಕೊಂಡ ಎಂಬ ವಾಕ್ಯ ಭಾಷಣಕ್ಕೆ ಚೆನ್ನ, ಇತಿಹಾಸಕ್ಕೆ ಸಲ್ಲದು. ಅದೇ ಮರುದಿನದ ಪ್ರಶ್ನೆಯನ್ನು ಇಲ್ಲಿಗೂ ಅನ್ವಯಿಸಿ ಎನ್ನುತ್ತೇನೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಕಾರ್ನ್‌ವಾಲಿಸ್ ಕದನ ಗೆದ್ದಿದ್ದ. ಆದರೆ ಧಾನ್ಯವಿಲ್ಲದೆ, ಎತ್ತುಗಳು ಸತ್ತು, ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ಹಿಮ್ಮೆಟ್ಟಬೇಕಾಯಿತು. ಗಿಲ್ಫರ್ಡ್ ಮತ್ತು ಅರಕೆರೆಯನ್ನು ಹೋಲಿಸಿ ಟಿಪ್ಪಣಿ ಬರೆಯಿರಿ ಎಂದರೆ ವಿದ್ಯಾರ್ಥಿಗಳು ತಾವಾಗಿಯೇ ಮುಂದಿನ ಪ್ರಶ್ನೆಗೆ ಹೋಗುತ್ತಾರೆ: ಇಲ್ಲಿ ಅವನು ಮರುವರ್ಷ ತಿರುಗಿ ಬರಲು ಏಕೆ ಸಾಧ್ಯವಾಯಿತು? ಮರಾಠರು ಮತ್ತು ನಿಜಾಮನ ಮೈತ್ರಿ, ಬಂಜಾರರು ಹೇರುಗಳಲ್ಲಿ ತಂದು ಒದಗಿಸಿದ ಧಾನ್ಯ, ಸುತ್ತಲಿನ ಗಿರಿದುರ್ಗಗಳನ್ನು ಒಂದೊಂದಾಗಿ ಹಿಡಿಯಲು ಸಿಕ್ಕ ಸಮಯ ಇವೆಲ್ಲ ಉತ್ತರದಲ್ಲಿ ಬರುತ್ತವೆ. ಅಮೆರಿಕದಲ್ಲಿ ಇವುಗಳಲ್ಲಿ ಯಾವುದೂ ಅವನಿಗೆ ಇರಲಿಲ್ಲ; ಮೈತ್ರಿಕೂಟ ಎದುರಾಳಿಯ ಕಡೆಗಿತ್ತು.

ಈ ಕ್ರಮಕ್ಕೆ ಹಿರಿಯ ಸಹೋದ್ಯೋಗಿಯೊಬ್ಬರ ಆಕ್ಷೇಪಣೆಯಿದೆ, ಅದು ನ್ಯಾಯವಾದದ್ದೂ ಹೌದು: ಕೀ ಉತ್ತರದಲ್ಲಿ ಇರುವುದು ಸರಟೋಗಾ, ಯಾರ್ಕ್‌ಟೌನ್ ಮತ್ತು ಎರಡು ಇಸವಿಗಳು, ಮಕ್ಕಳು ಚೆಸಪೀಕ್ ಬಗ್ಗೆ ಅರ್ಧ ಪುಟ ಬರೆದರೆ ಅದಕ್ಕೆ ಅಂಕವಿಲ್ಲ. ಆದ್ದರಿಂದ ಅವಧಿಯ ಕೊನೆಯ ಹತ್ತು ನಿಮಿಷ ಇಸವಿಗಳನ್ನು ಹೇಳಿ ಬರೆಸುತ್ತೇನೆ, ಮರುದಿನದ ಪ್ರಶ್ನೆಯನ್ನು ಕಾಲೇಜಿನ ಮಟ್ಟದ ಕಿರುಪರೀಕ್ಷೆಗೆ ಇಟ್ಟುಕೊಳ್ಳುತ್ತೇನೆ. ಅಲ್ಲಿ ಗಿಲ್ಫರ್ಡನ್ನು ಬ್ರಿಟಿಷರ ಸೋಲು ಎಂದು ಬರೆದವರಿಗೆ ಅಂಕ ಕಳೆಯುತ್ತೇನೆ. ಗೆಲುವು ಎಂದು ಬರೆದು, ಆ ಗೆಲುವಿನ ನಂತರ ಕಾರ್ನ್‌ವಾಲಿಸ್ ಯಾವ ದಿಕ್ಕಿಗೆ ನಡೆದ, ಏಕೆ ನಡೆದ ಎಂದು ಎರಡು ವಾಕ್ಯ ಸೇರಿಸಿದವರಿಗೆ ಪೂರ್ಣ ಅಂಕ ಕೊಡುತ್ತೇನೆ.